ಪೋತ್ನಾಳದ ಬೀಗರು ಉಪವಾಸ ಹೋದ ಸಂಜೆ

ನಮ್ಮ ಅಕ್ಕ ಜಂಬಮ್ಮನ ಮನೆಗೆ ಬಂದವರು ಅರೆಹೊಟ್ಟೆಯಲ್ಲಿ ಎದ್ದು ಹೋದದ್ದು ಒಂದೇ ಒಂದು ಸಲ. ಆ ಸಂಜೆಯ ಮಾತು ಯಾರಾದರೂ ಎತ್ತಿದರೆ ಇವತ್ತಿಗೂ ನನಗೆ ಮೈ ಮುದುಡಿದಂತಾಗುತ್ತದೆ. ತಪ್ಪು ನನ್ನದಲ್ಲ, ಅಕ್ಕನದಂತೂ ಅಲ್ಲವೇ ಅಲ್ಲ. ಆದರೂ ಮನೆಯಲ್ಲಿ ಒಬ್ಬರು ಮಾಡಿಕೊಂಡ ನಾಚಿಕೆಗೇಡು ಉಳಿದವರ ಮುಖಕ್ಕೂ ಮೆತ್ತಿಕೊಳ್ಳುತ್ತದೆ, ಏನು ಮಾಡುವುದು?

ನಮ್ಮದು ದೇವದುರ್ಗ ತಾಲ್ಲೂಕಿನ ಗಬ್ಬೂರು. ಅಪ್ಪನಿಗೆ ಕುರಿ ಇದ್ದವು, ಒಂದಿಷ್ಟು ಹೊಲ ಇತ್ತು, ಬರುವವರು ಹೋಗುವವರು ಬಹಳ ಇದ್ದರು. ಅಕ್ಕ ರೊಟ್ಟಿ ಬಡಿಯುವುದನ್ನು ಕಲಿಯುವುದಕ್ಕಿಂತ ಮೊದಲೇ ನೀಡುವುದನ್ನು ಕಲಿತಳು. ಬಡಿಸುವುದಕ್ಕೆ ನಮ್ಮ ಕಡೆ ನೀಡುವುದು ಅನ್ನುತ್ತೇವೆ. ತಾಟಿನಲ್ಲಿ ಹಾಕಿ ಹೋದರೆ ನೀಡಿದಂತಲ್ಲ. ನಮ್ಮವರು ಊಟಕ್ಕೆ ಕೂತಾಗ ತಾವಾಗಿ ಕೈ ಚಾಚಿ ಏನನ್ನೂ ತೆಗೆದುಕೊಳ್ಳುವುದಿಲ್ಲ. ಹೊಟ್ಟೆ ಹಸಿದು ಕರುಳು ಕಿತ್ತು ಬರುತ್ತಿರಲಿ, ಎರಡನೇ ರೊಟ್ಟಿಗೇ ತಾಟಿನ ಮೇಲೆ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕು" ಅನ್ನುತ್ತಾರೆ. ಅದು ಮರ್ಯಾದೆಗೆ ಆಡುವ ಮಾತು. ನೀಡುವವರು ಅದನ್ನು ಕಿವಿಗೆ ಹಾಕಿಕೊಳ್ಳಬಾರದು. "ನನ್ನ ಆಣಿ ಅದ, ತಗೋರಿ" ಎಂದು ಆ ಅಡ್ಡ ಹಿಡಿದ ಕೈಯ ಮೇಲೆಯೇ ರೊಟ್ಟಿ ಇಡಬೇಕು. ಆಗ ಅವರು "ಏ, ಎಷ್ಟ್ ಹಾಕ್ತೀಯವ್ವಾ, ಹೊಟ್ಟಿ ಒಡೀತಾದ" ಎಂದು ಬೈಯುತ್ತ ಸಂತೋಷವಾಗಿ ಉಣ್ಣುತ್ತಾರೆ. ಎರಡು ಮೂರು ಸಲ ಹೀಗೆ ಜಗ್ಗಾಡಿದ ಮೇಲೆ ನಿಜವಾಗಿ ಸಾಕಾದದ್ದು ಯಾವಾಗ ಎಂದು ನೀಡುವವರಿಗೆ ತಾನೇ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಅವರು ನೀಡಲು ಏಳಬಾರದು.

ಅಕ್ಕನಿಗೆ ಅದು ಎಂಥವರದಾದರೂ ಗೊತ್ತಾಗುತ್ತಿತ್ತು. ಒಮ್ಮೆ ನಮ್ಮ ದೊಡ್ಡಪ್ಪ ಬದುವಿನ ಸಲುವಾಗಿ ಅಪ್ಪನ ಜೊತೆ ಜಗಳ ಮಾಡಿ, "ಈ ಮನಿಯಾಗ ನೀರು ಸೈತ ಮುಟ್ಟಂಗಿಲ್ಲ" ಎಂದು ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. ಅಕ್ಕ ಆಗ ಇನ್ನೂ ಲಂಗದ ಹುಡುಗಿ. ಒಂದು ಬಟ್ಟಲಲ್ಲಿ ಪುಂಡಿಪಲ್ಯ ಹಿಡಿದು ಹೋಗಿ, "ದೊಡ್ಡಪ್ಪ, ನೀ ಉಣ್ಣಬ್ಯಾಡ. ಇದಕ್ಕ ಉಪ್ಪು ಬಿದ್ದದೋ ಇಲ್ಲೋ ಅಷ್ಟ ಹೇಳು, ಅವ್ವ ಬೈತಾಳ" ಅಂದಳು. ದೊಡ್ಡಪ್ಪ ನಾಲಿಗೆಗೆ ಹಚ್ಚಿ "ಚೂರು ಕಡಿಮಿ ಅದ" ಅಂದರು. ಉಪ್ಪು ಹಾಕಿ ತಂದಳು, ಈಗ ನೋಡು ಅಂದಳು, ಬರೀ ಪಲ್ಯ ಹೇಗೆ ಗೊತ್ತಾಗುತ್ತದೆ ಅಂತ ರೊಟ್ಟಿ ಮುರಿದುಕೊಟ್ಟಳು. ಕೊನೆಗೆ ಆ ಮನುಷ್ಯ ಮಜ್ಜಿಗೆ ಕುಡಿದು ತೇಗಿ, ಅಪ್ಪನ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದರು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೆಣ್ಣು ಗಂಡಿನ ಮಾತುಕತೆಗೆ ಬಂದವರಿಗೆ ನಮ್ಮಲ್ಲಿ ಸಂಬಂಧ ಬೇಡ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. ಹಾಗೆ ಹೇಳುವುದು ಒರಟುತನ. ಊಟಕ್ಕೆ ಕೂರಿಸಿ, ಒಂದು ಸಲ ನೀಡಿ, ಅವರು ಸಾಕು ಅಂದ ಕೂಡಲೇ ಸುಮ್ಮನಾಗಿಬಿಡುತ್ತಾರೆ. ಬಂದವರು ತಿಳಿದುಕೊಂಡು, ನೀರು ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗುತ್ತಾರೆ. ಯಾರ ಮರ್ಯಾದೆಯೂ ಹೋಗುವುದಿಲ್ಲ.

ಅಕ್ಕನ ಗಂಡ ಪರಮಣ್ಣ, ನಾನು ಮಾವ ಎಂದು ಕರೆಯುವವರು, ಗಬ್ಬೂರಿನವರೇ. ನಮ್ಮ ಓಣಿಯಲ್ಲಿ ಮೊದಲು ಮೆಟ್ರಿಕ್ ಪಾಸಾದವರು. ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ, ಎಪ್ಪತ್ತೊಂದರ ಸುಮಾರಿಗೆ ಇಬ್ಬರೂ ಸಣ್ಣ ಮಗಳನ್ನು ಕರೆದುಕೊಂಡು ಊರು ಬಿಟ್ಟು ಬಂದರು. ನನ್ನನ್ನೂ ರಾಯಚೂರಿಗೇ ಕೊಟ್ಟರು. ನನ್ನ ಗಂಡ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ನಮ್ಮ ಮನೆ ಅಕ್ಕನ ಮನೆಯ ಹಿಂದಿನ ಓಣಿಯಲ್ಲೇ. ಮಾವ ಕೆಟ್ಟವರಲ್ಲ. ಕುಡಿತ ಇಲ್ಲ, ಹೊಡೆತ ಇಲ್ಲ. ಆದರೆ ಒಂದು ರೋಗ ಇತ್ತು: ನಮ್ಮದು ಅನ್ನುವುದೆಲ್ಲ ಅವರಿಗೆ ನಾಚಿಕೆ. ನಮ್ಮ ಮಾತು ನಾಚಿಕೆ, ಅಪ್ಪ ಕಂಬಳಿ ಹೊದ್ದು ಬಂದರೆ ನಾಚಿಕೆ, ಅಕ್ಕ ಬಾಗಿಲಲ್ಲಿ ನಿಂತು ಜೋರಾಗಿ ಕರೆದರೆ ನಾಚಿಕೆ.

ಹಾಗಿದ್ದರೂ ಜನರನ್ನು ಊಟಕ್ಕೆ ಕರೆಯುವ ಹುಚ್ಚು ಮಾವನಿಗೂ ಇತ್ತು. ಒಂದು ಸಲ ಅವರ ಕಚೇರಿಯ ಎಂಜಿನಿಯರ್ ಸಾಹೇಬರನ್ನು ಕರೆದುಕೊಂಡು ಬಂದರು. ಸಾಹೇಬರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವ ಒಳ್ಳೆಯ ಮನುಷ್ಯ. ಅಕ್ಕ ಅವರಿಗೂ ಗಬ್ಬೂರಿನ ಲೆಕ್ಕದಲ್ಲೇ ನೀಡಿದಳು. ಅವರು ಸಾಕಮ್ಮ ಅಂದರೆ ಇವಳು ರೊಟ್ಟಿ ಹಾಕಿದಳು. ನಿಜವಾಗಿ ಸಾಕಮ್ಮ ಅಂದರೆ ತುಪ್ಪ ಹಾಕಿದಳು. ಆ ಕಡೆಯವರು ಸಾಕು ಅಂದರೆ ಸಾಕೇ ಎಂದು ಅವಳಿಗೇನು ಗೊತ್ತು? ಪಾಪ, ಅವರು ಸೊಂಟದ ಬೆಲ್ಟು ಸಡಿಲಿಸಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಹಾಕಿದ್ದನ್ನೆಲ್ಲ ಉಂಡರು. ಮರುದಿನ ಕಚೇರಿಯಲ್ಲಿ, "ಪರಮಣ್ಣ, ನಿಮ್ಮ ಮನೆಗೆ ಊಟಕ್ಕೆ ಬರಬೇಕಾದರೆ ಹಿಂದಿನ ದಿನವೆಲ್ಲ ಉಪವಾಸ ಇರಬೇಕಪ್ಪ" ಅಂದರಂತೆ. ಎಲ್ಲರೂ ನಕ್ಕರಂತೆ. ಅವರು ಪ್ರೀತಿಯಿಂದಲೇ ಅಂದಿರಬೇಕು. ಮಾವನಿಗೆ ಮಾತ್ರ ಸುಟ್ಟ ಗಾಯದ ಮೇಲೆ ಖಾರ ಬಿದ್ದಂತೆ ಆಯಿತು.

ಅವತ್ತು ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು. "ಇನ್ನ ಮ್ಯಾಲೆ ನಮ್ಮ ಮನಿಯಾಗ ಯಾರಿಗೂ ಬಲವಂತ ಮಾಡಂಗಿಲ್ಲ. ಕೇಳಿದಿ? ಅವರಿಗೆ ಬೇಕಾದ್ದು ಅವರು ಹಾಕ್ಕೊಂತಾರ, ಬ್ಯಾಡಾದ್ದು ಬಿಡ್ತಾರ."

"ಹಾಕ್ಕೊಳ್ಳಾಕ ನಾಚಿಕೊಂತಾರ್ರಿ ಮಂದಿ," ಅಂದಳು ಅಕ್ಕ.

"ನಿನ್ನ ಹಳ್ಳಿ ಮಂದಿ ನಾಚಿಕೊಂತಾರ. ನನ್ನ ಮಾನ ತಗೀಬ್ಯಾಡ ನೀ."

ಅಕ್ಕನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಸಾಹೇಬರಿಗೆ ತೊಂದರೆ ಕೊಟ್ಟೆನಲ್ಲ, ಗಂಡನನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದೆನಲ್ಲ ಎಂದು ನನ್ನ ಹತ್ತಿರ ಅತ್ತಳು. ನೀನೇನು ವಿಷ ಹಾಕಿದೆಯಾ ಎಂದು ನಾನು ಬೈದೆ. ಅವಳ ತಲೆಗೆ ಅದು ಹೋಗಲಿಲ್ಲ.

ಮಾವ ಹಳೆಯದೊಂದು ಮೇಜು ಕೊಂಡು ತಂದು ಪಡಸಾಲೆಯ ನಡುವೆ ಹಾಕಿದರು. ಅಡುಗೆಯೆಲ್ಲ ಅದರ ಮೇಲೆ, ತಾಟುಗಳು ಒಂದು ಮೂಲೆಯಲ್ಲಿ. ಬಂದವರು ತಮಗೆ ಬೇಕಾದ್ದು ತಾವೇ ಹಾಕಿಕೊಂಡು ಎಲ್ಲಿ ಬೇಕೋ ಅಲ್ಲಿ ಕೂರಬೇಕು. ಸುಳ್ಳು ಯಾಕೆ ಹೇಳಲಿ, ಕಚೇರಿಯ ಮಂದಿಗೆ ಅದು ಬಹಳ ಹಿಡಿಸಿತು. ಶನಿವಾರ ಸಂಜೆಯಾದರೆ ಬಂದುಬಿಡುವರು. ಒಬ್ಬರು ಕಟ್ಟೆಯ ಮೇಲೆ, ಒಬ್ಬರು ಹೊರಸಿನ ಮೇಲೆ, ಒಬ್ಬರು ರೇಡಿಯೋದ ಪಕ್ಕ. ಯಾರಿಗೂ ಅವಸರ ಇಲ್ಲ, ಸಂಕೋಚ ಇಲ್ಲ. ಬೇರೆ ಊರುಗಳಿಂದ ವರ್ಗವಾಗಿ ಬಂದು ಖಾನಾವಳಿಯಲ್ಲಿ ಉಂಡು ಬೇಸತ್ತವರು ಎಣ್ಣೆಗಾಯಿಯನ್ನು ಬಟ್ಟಲುಗಟ್ಟಲೆ ಹಾಕಿಕೊಂಡು ತಿನ್ನುವರು, ನಗುವರು. ಚಂದವೇ ಇತ್ತು. ಅಡುಗೆ ಮನೆಯ ಬಾಗಿಲಲ್ಲಿ ಕೈ ಕಟ್ಟಿ ನಿಂತ ಅಕ್ಕನನ್ನು ನೋಡದಿದ್ದರೆ ನನಗೂ ಚಂದವೇ ಅನ್ನಿಸುತ್ತಿತ್ತು. ಯಾರದಾದರೂ ತಾಟು ಖಾಲಿಯಾದರೆ ಅವಳ ಕಾಲು ತಾನಾಗಿ ಮುಂದೆ ಬರುತ್ತಿತ್ತು. ಮಾವ ತಿರುಗಿ ನೋಡಿದರೆ ಹಿಂದೆ ಹೋಗುತ್ತಿತ್ತು.

ಪಕ್ಕದ ಮನೆಯ ಮುನವ್ವರ್ ಬೀ ಗೋಡೆಯಾಚೆಯಿಂದ ಇಣುಕಿ ಕೇಳೇಬಿಟ್ಟರು, "ಏನಮ್ಮಾ ಜಂಬಮ್ಮಾ, ಮೆಹಮಾನರು ತಾವೇ ಹಾಕ್ಕೊಂತಾರಲ್ಲ, ನಿನ್ನ ಕೈಗೆ ಏನಾಯ್ತು?"

"ಈಗ ಹಿಂಗೇ ಅಂತ್ರಿ ಬೀಬೀ, ಇದ ಆರಾಮಂತ," ಅಂದು ಅಕ್ಕ ಒಳಗೆ ಹೋದಳು. ಕೇಳಿದ್ದಕ್ಕೆ ಮುನವ್ವರ್ ಬೀಗೇ ಕೆಡುಕೆನಿಸಿತು.

ಹೀಗೇ ವರ್ಷಗಳು ಕಳೆದವು. ಅಕ್ಕನಿಗೆ ಒಬ್ಬಳೇ ಮಗಳು, ಅಜ್ಜಿಯ ಹೆಸರಿಟ್ಟು ಬೂದೆಮ್ಮ ಎಂದು ಕರೆದಿದ್ದರು. ಎಂಬತ್ತೆರಡರ ಹೊತ್ತಿಗೆ ಅವಳಿಗೆ ಪೋತ್ನಾಳದ ಕಡೆಯಿಂದ ಸಂಬಂಧ ಕೂಡಿ ಬಂತು. ಹುಡುಗ ಕನಕರಾಯ, ಮಾನ್ವಿಯಲ್ಲಿ ಶಾಲೆ ಮಾಸ್ತರ. ನಮ್ಮೂರಿನ ಒಂದು ಮದುವೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು. ನಮ್ಮ ಬೂದೆಮ್ಮ ಅವನ ಹೆಸರು ಎತ್ತಿದರೆ ಸೆರಗು ಕಚ್ಚಿಕೊಂಡು ಒಳಗೆ ಓಡುವಳು. "ಏನಲೇ, ಒಪ್ಪಿಗಿ ಅದ ಇಲ್ಲ?" ಎಂದು ನಾನು ಬೇಕಂತಲೇ ಕೇಳಿದರೆ, "ಹೋಗ ಚಿಗವ್ವಾ" ಎಂದು ನನ್ನ ಬೆನ್ನಿಗೆ ಗುದ್ದುವಳು. ಹಿರಿಯರು ಬಂದು ಮನೆ ನೋಡಿ, ಊಟ ಮಾಡಿ, ಮಾತು ಕೊಡುವುದು ಒಂದೇ ಬಾಕಿ. ಹುಡುಗನ ಅಪ್ಪ ಸಿದ್ದರಾಮಪ್ಪ ಮತ್ತು ಅಜ್ಜ ಮುದುಕಪ್ಪ ಬರುತ್ತೇವೆಂದು ಹೇಳಿ ಕಳಿಸಿದರು.

ಅಕ್ಕನ ಸಂಭ್ರಮ ನೋಡಬೇಕಿತ್ತು. ಕುರಿ ಖಂಡ ತರಿಸಿದಳು, ಶೇಂಗಾದ ಹೋಳಿಗೆ ಮಾಡಿದಳು. ನಾವಿಬ್ಬರೂ ಕೂತು ಬಡಿದ ಬಿಸಿ ರೊಟ್ಟಿ ಬುಟ್ಟಿಯಿಂದ ಮೇಲೆ ಬಂದಿತ್ತು. "ಬೀಗರಿಗಾದ್ರೂ ನಾನ ನೀಡ್ತೀನ್ರಿ," ಎಂದು ಬೆಳಗಿನಿಂದ ಮಾವನ ಹಿಂದೆ ಹಿಂದೆ ಓಡಾಡಿದಳು.

"ಸಾಹೇಬರನ್ನೂ ಕರದೀನಿ," ಅಂದರು ಮಾವ. "ನಮಗ ಎಂಥೆಂಥಾವ್ರ ಬಳಕಿ ಅದ ಅಂತ ಅವರೂ ನೋಡ್ಲಿ. ಅವರ ಮುಂದ ನಿನ್ನ ಆಣಿ ಭಾಷಿ ಎಲ್ಲಾ ಬ್ಯಾಡ. ಎಲ್ಲಾ ಮೇಜಿನ ಮ್ಯಾಲ ಇಟ್ಟುಬಿಡು."

"ಮಾವಾ, ಪೋತ್ನಾಳದವ್ರು ಏನ ತಿಳ್ಕೊಂತಾರ?" ಎಂದು ನಾನೇ ಕೇಳಿದೆ.

"ಹುಡುಗ ಮಾಸ್ತರ ಇದ್ದಾನ. ಕಲತ ಮನಿ ಅದು. ನಿಮ್ಮಂಗ ಅಲ್ಲ," ಅಂದರು. ಅವರೂ ಗಬ್ಬೂರಿನವರೇ ಎಂಬುದನ್ನು ಆ ಮನುಷ್ಯ ಸಾಹೇಬರ ಹೆಸರು ಬಂದರೆ ಪೂರ್ತಿ ಮರೆತುಬಿಡುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಬೀಗರು ಬಂದರು. ಮುದುಕಪ್ಪ ಅಜ್ಜ ಎತ್ತರದ ಆಳು, ದೊಡ್ಡ ರುಮಾಲು, ಒಗೆದ ಬಿಳಿ ಧೋತರ. ಕಾಲಿಗೆ ನೀರು ಕೊಟ್ಟಾಗ ಅಕ್ಕನನ್ನು ನೋಡಿ, "ಗಬ್ಬೂರ ಜಂಬಮ್ಮ ನೀನೇನವ್ವಾ? ನಿನ್ನ ಕೈಯಾಗ ಉಂಡವ್ರು ಮೂರು ದಿನ ಮಾತಾಡ್ತಾರಂತ ಕೇಳೀನಿ" ಅಂದರು. ಅಕ್ಕನ ಮುಖ ಅರಳಿದ್ದನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದೆ.

ಸಾಹೇಬರು ಬಂದರು, ನಮಸ್ಕಾರ ಆಯಿತು. ಮಾವ ಮೇಜು ತೋರಿಸಿ, "ಸಂಕೋಚ ಬ್ಯಾಡ್ರಿ, ಇದು ನಿಮ್ಮದೇ ಮನೆ, ಬೇಕಾದ್ದು ಹಾಕ್ಕೊಳ್ರಿ" ಅಂದರು. ಸಾಹೇಬರು ಎದ್ದು ಆರಾಮವಾಗಿ ಹಾಕಿಕೊಂಡು ಬಂದು ಕೂತರು. ಅಜ್ಜ ಕುರ್ಚಿಯ ತುದಿಯಲ್ಲಿ ಕೂತು, "ಆತ್ರಿ, ಆತ್ರಿ" ಎಂದು ಎದುರಿನ ಗೋಡೆ ನೋಡತೊಡಗಿದರು. ಸಿದ್ದರಾಮಪ್ಪ ತಮ್ಮ ಅಪ್ಪನ ಮುಖ ನೋಡಿದರು. ಮಾವ ಕೊಟ್ಟ ಖಾಲಿ ತಾಟು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಾರೆ ಇಬ್ಬರೂ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೊನೆಗೆ ಅಕ್ಕ ತಡೆಯಲಾರದೆ ಹೋಗಿ ಇಬ್ಬರ ತಾಟಿಗೂ ಒಂದೊಂದು ರೊಟ್ಟಿ, ಖಂಡದ ಸಾರು, ಪಲ್ಯ ಹಾಕಿದಳು. ಮಾವ ಅದಕ್ಕೇ ಹುಬ್ಬು ಗಂಟು ಹಾಕಿದರು.

ಆ ಒಂದು ರೊಟ್ಟಿ ಎಷ್ಟು ಹೊತ್ತಿನ ಮಾತು? ಪೋತ್ನಾಳದಿಂದ ಬಸ್ಸಲ್ಲಿ ಅಲ್ಲಾಡಿಕೊಂಡು ಬಂದವರು. ಅಕ್ಕ ರೊಟ್ಟಿ ಹಿಡಿದು ಅಜ್ಜನ ಹತ್ತಿರ ಬಾಗಿದಳು.

"ಇನ್ನೊಂದು ರೊಟ್ಟಿ ತಗೋರಿ ಯಪ್ಪಾ."

ಅಜ್ಜ ತಾಟಿನ ಮೇಲೆ ಕೈ ಅಡ್ಡ ಹಿಡಿದರು. "ಸಾಕವ್ವಾ, ಸಾಕು."

ಅಕ್ಕ ಬಾಯಿ ತೆರೆದಿದ್ದಳು, ಆಣೆ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಮಾವ, "ಸಾಕಂದ್ರಲ್ಲ, ಬಿಡು. ಹಿರಿಯರಿಗೆ ಬಲವಂತ ಮಾಡಬ್ಯಾಡ. ಹೋಗು ಒಳಗ" ಅಂದರು. ಸಾಹೇಬರ ಕಡೆ ತಿರುಗಿ ನಕ್ಕರು. ಅಕ್ಕ ರೊಟ್ಟಿಯನ್ನು ಹಾಗೇ ಹಿಡಿದುಕೊಂಡು ಹಿಂದೆ ಸರಿದಳು. ಅಜ್ಜನ ಕೈ ಸ್ವಲ್ಪ ಹೊತ್ತು ತಾಟಿನ ಮೇಲೆ ಹಾಗೇ ಇತ್ತು. ಆಮೇಲೆ ನಿಧಾನವಾಗಿ ಹಿಂದೆ ತೆಗೆದುಕೊಂಡರು. ಅಕ್ಕ ಮತ್ತೊಮ್ಮೆ ಹೋಳಿಗೆ ಹಿಡಿದು ಎದ್ದಳು, ಮಾವ ಕಣ್ಣಲ್ಲೇ ಕೂರಿಸಿದರು. ಮೊಸರು ಹಿಡಿದು ಎದ್ದಳು, ಮತ್ತೆ ಕೂರಿಸಿದರು. ಅಜ್ಜ ತಾಟಿನಲ್ಲೇ ಕೈ ತೊಳೆದು, "ಬಸ್ಸಿಗೆ ಹೊತ್ತಾತು, ಬರ್ತೀವ್ರಿ" ಎಂದು ರುಮಾಲು ಸರಿಮಾಡಿಕೊಂಡರು. ಹುಡುಗಿಯ ಮಾತು ಎತ್ತಲೇ ಇಲ್ಲ.

ಸಾಹೇಬರೂ ಹೋದ ಮೇಲೆ ಮಾವ ಕುರ್ಚಿಯಲ್ಲಿ ಕಾಲು ಚಾಚಿ, "ನೋಡಿದಿ? ಎಷ್ಟು ಆರಾಮ ಆತು! ಒಂದು ಗದ್ದಲ ಇಲ್ಲ" ಅಂದರು.

ಅಕ್ಕ ರೊಟ್ಟಿ ಬುಟ್ಟಿಯ ಬಟ್ಟೆ ತೆಗೆದಳು. ಬುಟ್ಟಿ ತುಂಬಿಕೊಂಡೇ ಇತ್ತು. "ಉಪಾಸ ಕಳಿಸಿದ್ರಿ," ಅಂದಳು. "ನನ್ನ ಮಗಳನ್ನ ನೋಡಾಕ ಬಂದವ್ರನ್ನ ಉಪಾಸ ಕಳಿಸಿದ್ರಿ." ಬಾಗಿಲ ಹಿಂದೆ ನಿಂತಿದ್ದ ಬೂದೆಮ್ಮ ಅಲ್ಲೇ ಕುಸಿದು ಕೂತಳು. ಅವಳೂ ನಮ್ಮ ಮನೆಯ ಹುಡುಗಿ. ಏನಾಯಿತೆಂದು ಅವಳಿಗೆ ಹೇಳಬೇಕಾಗಿರಲಿಲ್ಲ.

ಅಕ್ಕ ರೊಟ್ಟಿ, ಪಲ್ಯ, ಹೋಳಿಗೆ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿದಳು. "ನಡಿಯಲೇ" ಎಂದು ನನ್ನ ಕೈ ಹಿಡಿದು ಎಳೆದುಕೊಂಡೇ ಹೊರಟಳು. ಬಸ್ ಸ್ಟ್ಯಾಂಡಿನವರೆಗೂ ಅರ್ಧ ಓಟ. ಅಲ್ಲಿ ಸತ್ತಾರ್ ಸಾಬ್‌ನ ಬಂಡಿಯ ಸುತ್ತ ಜನ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನುತ್ತ ನಿಂತಿದ್ದರು. ಅವರ ನಡುವೆ ಆ ದೊಡ್ಡ ರುಮಾಲು ದೂರದಿಂದಲೇ ಕಂಡಿತು.

ಮುದುಕಪ್ಪ ಅಜ್ಜ ಮಿರ್ಚಿ ಕಚ್ಚುತ್ತಿದ್ದರು. ಹಸಿದವರು ತಿನ್ನುವಂತೆ, ಬಿಸಿ ಇದ್ದದ್ದನ್ನೇ ಊದಿಕೊಂಡು ಗಬಗಬ ತಿನ್ನುತ್ತಿದ್ದರು. ನಮ್ಮನ್ನು ಕಂಡದ್ದೇ ಬೆಚ್ಚಿಬಿದ್ದು, ಕಾಗದದ ಪೊಟ್ಟಣವನ್ನು ಹೆಗಲ ವಸ್ತ್ರದೊಳಗೆ ಬಚ್ಚಿಟ್ಟುಕೊಂಡರು. ಬಿಳಿ ವಸ್ತ್ರಕ್ಕೆ ಎಣ್ಣೆ ಹರಿಯಿತು. ಬೀಗರ ಮನೆಯ ಊಟ ಮುಗಿಸಿ ಬಂದವನು ಬಂಡಿಯ ಮುಂದೆ ನಿಂತು ತಿನ್ನುವುದು ಕಂಡುಬಿಟ್ಟರಲ್ಲ ಎಂದು ಆ ಹಿರಿಯನ ಮುಖ ಕಪ್ಪಿಟ್ಟಿತು. ಮಾನಗೇಡಿಗಳು ನಾವು, ಮುಖ ತಪ್ಪಿಸುತ್ತಿರುವವರು ಅವರು! ನನಗೆ ಅಲ್ಲೇ ಅಳು ಬಂತು.

"ಬಸ್ಸು ತಡ ಅಂದ್ರವ್ವಾ," ಅಂದರು ಅಜ್ಜ. "ಸುಮ್ನ, ಬಾಯಾಡ್ಸಾಕ…"

ಅಕ್ಕ ಗಂಟನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ನಾನು ಬಿಚ್ಚಿ ಕೊಡುತ್ತಾಳೆ ಎಂದುಕೊಂಡಿದ್ದೆ. ಕೊಟ್ಟಿದ್ದರೆ ನೀವು ಹಸಿದಿದ್ದೀರಿ ಎಂದು ಊರ ನಡುವೆ ಹೇಳಿದಂತಾಗುತ್ತಿತ್ತು. ಅವಳು ಅಷ್ಟು ಹೊತ್ತಿನಲ್ಲೂ ಅದನ್ನು ಯೋಚಿಸಿದಳು. "ಎಲಿ ಅಡಿಕಿ ತಗೊಳ್ಳದ ಬಂದೀರಿ ಯಪ್ಪಾ, ಅದಕ್ಕ ಬಂದೆ," ಅಂದು ನನ್ನ ಕಡೆ ನೋಡಿದಳು. ನಾನು ಓಡಿಹೋಗಿ ಪಾನ್ ಅಂಗಡಿಯಿಂದ ಎಲೆ ಅಡಿಕೆ ತಂದೆ. ಅವಳು ಬಾಗಿ ಕೊಟ್ಟಳು, ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಸಿದ್ದರಾಮಪ್ಪ ಆ ಕಡೆ ತಿರುಗಿ ನಿಂತಿದ್ದವರು ತಿರುಗಲೇ ಇಲ್ಲ. ಬಸ್ಸು ಬಂತು, ಹತ್ತಿದರು.

ನಾವು ಹೆದರಿದ ಹಾಗೇ ಆಯಿತು. ಸ್ವಲ್ಪ ದಿನದಲ್ಲೇ ಮಾನ್ವಿಯ ನಮ್ಮ ಸಂಬಂಧಿಕರ ಕೈಯಲ್ಲಿ ಹೇಳಿಕಳಿಸಿದರು: ರಾಯಚೂರಿನವರಿಗೆ ಮನಸ್ಸಿಲ್ಲ ಎಂದು ತಿಳಿಯಿತು, ಬೇಸರ ಏನೂ ಇಲ್ಲ, ಹುಡುಗಿಗೆ ಒಳ್ಳೆಯದಾಗಲಿ. ಬೂದೆಮ್ಮ ಹೊರಸಿನ ಮೇಲೆ ಮುಖ ಮುಚ್ಚಿ ಮಲಗಿದವಳು ಏಳಲಿಲ್ಲ. ಮಾವ ಮೊದಲು ಹಾರಾಡಿದರು. "ಒಂದು ರೊಟ್ಟಿಗೆ ಸಂಬಂಧ ಬಿಡ್ತಾರಂದ್ರ ಎಂಥಾ ಮಂದಿ ಇರಬೇಕು ಅವರು!" ಎಂದು ಕೂಗಿದರು. ಮಗಳು ಒಳಗಿನಿಂದಲೇ, "ಯಪ್ಪಾ, ನಿಮಗ ಗೊತ್ತಿರಲಿಲ್ಲೇನು?" ಎಂದು ಕೇಳಿದಳು. ಅಷ್ಟೇ. ಮಾವ ಅಂಗಿಯ ಗುಂಡಿ ಹಿಡಿದುಕೊಂಡು ನಿಂತರು. ಗೊತ್ತಿತ್ತು ಆ ಮನುಷ್ಯನಿಗೆ. ಹುಟ್ಟಿದಂದಿನಿಂದ ಗೊತ್ತಿತ್ತು.

"ಪೋತ್ನಾಳಕ್ಕ ಹೋಗೂನು ನಡ್ರಿ," ಅಂದಳು ಅಕ್ಕ. ನನ್ನನ್ನೂ ಜೊತೆಗೆ ಕರೆದುಕೊಂಡಳು.

ಹೇಳದೆ ಕೇಳದೆ ಹೋದೆವು. ಮುದುಕಪ್ಪ ಅಜ್ಜ ಬಾಗಿಲಿಗೆ ಬಂದು, "ಬರ್ರಿ ಬರ್ರಿ, ಬಿಸಲಾಗ ಬಂದೀರಿ" ಎಂದು ತಾವೇ ನೀರು ಕೊಟ್ಟರು. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಮಾವ, "ಅವತ್ತಿನ ಮಾತು…" ಎಂದು ಶುರು ಮಾಡಿದರೆ, "ಮೊದಲ ಊಟ, ಆಮ್ಯಾಗ ಮಾತು" ಅಂದುಬಿಟ್ಟರು. ಮಾವನನ್ನು ತಮ್ಮ ಎದುರಿಗೆ ಕೂರಿಸಿಕೊಂಡು ಸ್ವತಃ ಬುಟ್ಟಿ ಹಿಡಿದು ನೀಡತೊಡಗಿದರು. ಮಾವ ಸಾಕು ಅಂದರೆ ರೊಟ್ಟಿ. ಕೈ ಅಡ್ಡ ಹಿಡಿದರೆ ಕೈಯ ಮೇಲೆ ರೊಟ್ಟಿ. "ನನ್ನ ಆಣಿ ಅದ. ಪರಮಣ್ಣ, ವಯಸ್ಸಾದವನ ಮಾತು ತಗೀಬ್ಯಾಡ್ರಿ," ಎನ್ನುವರು. ಒಂದು ಕುಹಕವಿಲ್ಲ, ಕೊಂಕಿಲ್ಲ. ಅದೇ ಕೊಲ್ಲುತ್ತಿತ್ತು. ಮಾವ ತಲೆ ಬಗ್ಗಿಸಿ ಉಂಡರು. ಹಣೆಯಿಂದ ಬೆವರು ತಾಟಿಗೆ ಬೀಳುತ್ತಿತ್ತು, ಕಣ್ಣಿಂದಲೂ ಏನೋ ಬೀಳುತ್ತಿತ್ತು. ನಾನು ಕಂಡೂ ಕಾಣದಂತೆ ಕೂತೆ.

ಕೈ ತೊಳೆದ ಮೇಲೆ ಮಾವ ಅಜ್ಜನ ಕಾಲಿಗೆ ಬಗ್ಗಿದರು. "ತಪ್ಪಾಗ್ಯಾದ. ನಮ್ಮ ಹುಡುಗೀನ ಬಿಡಬ್ಯಾಡ್ರಿ."

ಅಜ್ಜ ಹಿಡಿದು ಎಬ್ಬಿಸಿದರು. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು, "ನಾ ಹಸಕೊಂಡು ಬಂದಿದ್ದು ಏನ ದೊಡ್ಡದಲ್ಲರೀ. ಕುರಿ ಹಿಂದ ತಿರಗಿದವ, ಹಸಿವು ನನಗ ಹೊಸದಲ್ಲ. ಈ ತಾಯಿ ಎದ್ದು ಎದ್ದು ಬಂದಳು, ನೀವು ಆಕೀನ ಕಣ್ಣಾಗ ಕುಂದ್ರಿಸಿದಿರಿ. ಅದನ್ನ ನೋಡೀನಿ ನಾ. ಆಕಿ ಮನಸು ಬಿಚ್ಚೇ ಇತ್ತು, ನಿಮ್ಮದ ತಿಳೀಲಿಲ್ಲ." ಅಕ್ಕನ ಕಡೆ ತಿರುಗಿದರು. "ಹುಡುಗಿ ನಮ್ಮಾಕಿ ಅಂತ ತಿಳಕೋ ಯವ್ವಾ. ಆದ್ರ ಮದುವಿ ಊಟದಾಗ ನೀನ ನೀಡಬೇಕು." ಆಮೇಲೆ ಮಾವನಿಗೆ, ದನಿ ಎತ್ತದೆ, "ನೀವು ಪಂಕ್ತಿಗೆ ಬರಬ್ಯಾಡ್ರಿ ಪರಮಣ್ಣ. ನೀವು ಅಲ್ಲಿದ್ರ ಆಕಿ ಕೈ ತಡೀತಾದ."

ಹೆಣ್ಣಿನ ಅಪ್ಪನಿಗೆ ಅದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿ ಇಲ್ಲ. ಮದುವೆ ಪಂಕ್ತಿಯ ನಡುವೆ ಕೈ ಮುಗಿದುಕೊಂಡು ಓಡಾಡಿ "ಸಾವಕಾಶ ಆಗ್ಲಿರೀ, ಸಾವಕಾಶ" ಅನ್ನಬೇಕಾದವನು ಅವನೇ. ಅಕ್ಕ ಗಂಡನ ಪರವಾಗಿ ಒಂದು ಮಾತು ಆಡುತ್ತಾಳೇನೋ ಎಂದು ನೋಡಿದೆ. ಅವಳು ನೆಲ ನೋಡುತ್ತ, "ಆತ್ರಿ ಯಪ್ಪಾ" ಅಂದಳು. ಮಾವನೂ ಆತು ಅಂದರು. ಮಗಳ ಮುಖ ನೆನಪಿಗೆ ಬಂದಿರಬೇಕು.

ಎಂಬತ್ತಮೂರರ ಬೇಸಿಗೆಯಲ್ಲಿ ಗಬ್ಬೂರಿನಲ್ಲೇ ಮದುವೆಯಾಯಿತು. ಬೂದೆಮ್ಮ ಅರಿಶಿನ ಬಳಿದುಕೊಂಡು ನಗುತ್ತಿದ್ದಳು. ಚಪ್ಪರದ ಕೆಳಗೆ ಪಂಕ್ತಿ ಕೂತಿತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಹಿಡಿದು ಇಳಿದಳು ನೋಡಿ, ಅಬ್ಬಬ್ಬಾ! ಇಷ್ಟು ವರ್ಷ ತಡೆದು ಹಿಡಿದದ್ದೆಲ್ಲ ಅವತ್ತು ಹೊರಗೆ ಬಂತು. ಒಬ್ಬೊಬ್ಬರ ಹತ್ತಿರವೂ ನಿಂತು, ಊರು ಕೇಳಿ, ಮಕ್ಕಳನ್ನು ಕೇಳಿ, ಆಣೆ ಇಟ್ಟು, ಗದರಿಸಿ ಉಣಿಸಿದಳು. "ಯವ್ವಾ, ಸಾಯಿಸ್ತೀಯೇನ ನನ್ನ!" ಎಂದು ಮುದುಕಪ್ಪ ಅಜ್ಜ ಕೂಗಿದ್ದು, ಇಡೀ ಪಂಕ್ತಿ ನಕ್ಕದ್ದು ಓಣಿಗೆಲ್ಲ ಕೇಳಿಸಿತು.

ಮಾವ ಚಪ್ಪರದ ಹಿಂದೆ, ಪಾತ್ರೆ ತೊಳೆಯುವ ಜಾಗದ ಹತ್ತಿರ ಬೇವಿನ ಮರದ ಬುಡದಲ್ಲಿದ್ದರು. ಹೊಸ ಅಂಗಿ, ತಲೆಗೆ ಜರಿ ರುಮಾಲು. ಸೌದೆ ಎಣಿಸುವವರಂತೆ, ಹಂಡೆಯ ನೀರು ನೋಡುವವರಂತೆ ಮಾಡುತ್ತಿದ್ದರು. "ಹೆಣ್ಣಿನ ಅಪ್ಪ ಎಲ್ಲಿ ಹೋದ?" ಎಂದು ಯಾರೋ ಚಪ್ಪರದಲ್ಲಿ ಕೇಳಿದ್ದು ಅಲ್ಲಿಯವರೆಗೂ ಬಂತು. ಮಾವ ಮರದ ಮರೆಗೆ ಸರಿದು ನಿಂತರು. ಸಿಟ್ಟು ನನಗೂ ಬಹಳ ಇತ್ತು ಅವರ ಮೇಲೆ. ಆದರೆ ಹಾಗೆ ಸರಿದದ್ದನ್ನು ನೋಡಬಾರದಿತ್ತು.

ಎಲ್ಲರ ಊಟ ಮುಗಿದ ಮೇಲೆ ಅಕ್ಕ ಬುಟ್ಟಿ ಹಿಡಿದು ಮಾವ ಕೂತಿದ್ದ ಮರದ ಹತ್ತಿರ ಬಂದಳು. ನಾನು ನೀರಿನ ತಂಬಿಗೆ ಹಿಡಿದು ಹಿಂದೆ ಇದ್ದೆ. ಬುಟ್ಟಿಯಲ್ಲಿ ಬೇಕಾದಷ್ಟು ಇತ್ತು. ಅವಳ ಮುಖದಲ್ಲಿ ಸಿಟ್ಟು ಏನೂ ಇರಲಿಲ್ಲ, ಬೆವರಿತ್ತು, ಕುಂಕುಮ ಹರಡಿತ್ತು.

"ಉಣ್ತೀರೇನ್ರಿ?" ಎಂದು ಕೇಳಿದಳು.

ಬೆಳಗಿನಿಂದ ಅವರು ಏನೂ ಮುಟ್ಟಿರಲಿಲ್ಲ. ಬುಟ್ಟಿಯನ್ನು ನೋಡಿದರು, ಅವಳನ್ನು ನೋಡಿದರು, ಕೈಯನ್ನು ಸ್ವಲ್ಪ ಎತ್ತಿ ಅಡ್ಡ ಹಿಡಿದರು. "ಬ್ಯಾಡ ಬಿಡು. ನನಗೇನ ಹಸಿವಿಲ್ಲ. ನೀ ಉಣ್ಣು ಹೋಗು," ಅಂದರು. ನಮ್ಮ ಕಡೆ ಯಾರಾದರೂ ಹಾಗೇ ಅನ್ನುತ್ತಾರೆ. ನನಗೆ ಗೊತ್ತಾಯಿತು. ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ಆತ್ರಿ," ಅಂದಳು ಅಕ್ಕ. ಬುಟ್ಟಿಗೆ ಬಟ್ಟೆ ಮುಚ್ಚಿ ಚಪ್ಪರದ ಕಡೆ ಹೋದಳು.

ಮಾವ ಎತ್ತಿದ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಅವಳು ಹೋದ ಕಡೆಯೇ ನೋಡುತ್ತ ಕೂತರು. ಇನ್ನೊಮ್ಮೆ ಕೇಳಲು ಬಂದೇ ಬರುತ್ತಾಳೆ ಎಂದು ಕಾಯುತ್ತಿದ್ದರು. ಅವಳು ಬರಲಿಲ್ಲ.